ಪುಷ್ಪಕ್ ಮಾಡೆಲ್‌ಗೆ ಯಾವ ಫೋರ್-ಸ್ಟ್ರೋಕ್ ಎಂಜಿನ್?

ಆರ್‌ಸಿ, ಅಂದರೆ ರಿಮೋಟ್‌ನಲ್ಲಿ ನಡೆಸುವ ಪುಟ್ಟ ವಿಮಾನ ಹಾರಿಸುವವರಿಗೆ ಒಂದಲ್ಲ ಒಂದು ದಿನ ಫೋರ್-ಸ್ಟ್ರೋಕ್ ಎಂಜಿನ್ ಮೇಲೆ ಆಸೆ ಹುಟ್ಟಿಯೇ ಹುಟ್ಟುತ್ತದೆ. ಹೆಚ್ಚಿನವರಿಗೆ ಕಾರಣ ಸದ್ದು. ಆರ್‌ಎಕ್ಸ್ 100 ಪಕ್ಕದಲ್ಲಿ ಬುಲೆಟ್ ನಿಂತು ಗುಡುಗುಡು ಅಂದರೆ ಹೇಗಿರುತ್ತದೋ, ಟೂ-ಸ್ಟ್ರೋಕ್ ಮಾಡೆಲ್ ಪಕ್ಕದಲ್ಲಿ ಫೋರ್-ಸ್ಟ್ರೋಕ್ ಹಾಗೆ ಕೇಳಿಸುತ್ತದೆ. ಕಿವಿಗೆ ಚುಚ್ಚುವ ಕೀರಲು ಇಲ್ಲ. ಅದರಲ್ಲೂ ಹಳೇ ಕಾಲದ, ನಿಧಾನಕ್ಕೆ ಹಾರುವ ವಿಮಾನದ ಮಾಡೆಲ್ ಆದರೆ ಈ ಸದ್ದು ಇಲ್ಲದೆ ಅದು ಅರ್ಧವೇ ಸರಿ.

ಆಸೆ ಹುಟ್ಟಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸೈಟೋ ತಗೊಳ್ಲಾ, ಒ.ಎಸ್. ತಗೊಳ್ಲಾ?" ಎರಡೂ ಮಾಡೆಲ್ ಎಂಜಿನ್ ಮಾಡುವ ಜಪಾನಿನ ಕಂಪನಿಗಳು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನಿಮ್ಮ ವಿಮಾನಕ್ಕೆ ಎಂಥ ಪ್ರೊಪೆಲರ್ ಬೇಕು ಅಂತ ನೋಡಿ. ಆಮೇಲೆ ನಿಮ್ಮ ಊರಲ್ಲಿ ಯಾವ ಇಂಧನ ತಪ್ಪದೆ ಸಿಗುತ್ತದೆ ಅಂತ ನೋಡಿ. ಈ ಎರಡಕ್ಕೂ ಉತ್ತರ ಸಿಕ್ಕರೆ ಎಂಜಿನ್ ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ. ಕಂಪನಿ ಹೆಸರಿಗೆ ಉಳಿಯುವುದು ಸ್ವಲ್ಪವೇ ಜಾಗ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ವಿಮಾನವನ್ನೇ ಇಟ್ಟುಕೊಳ್ಳೋಣ. ಎಚ್‌ಎಎಲ್ ಪುಷ್ಪಕ್. 1958ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ್ದು. ಎರಡು ಸೀಟು, ಮೇಲ್ರೆಕ್ಕೆ, ಬಟ್ಟೆ ಹೊದಿಸಿದ ಮೈ, ಮುಂದೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಜನ ಹಾರಲು ಕಲಿತದ್ದು ಇದರಲ್ಲೇ. ರೆಕ್ಕೆಯ ಅಗಲ ಸುಮಾರು 36 ಅಡಿ. ಆರನೇ ಒಂದು ಅಳತೆಯಲ್ಲಿ ಕಟ್ಟಿದರೆ ಸರಿಯಾಗಿ 6 ಅಡಿ, ಅಂದರೆ 183 ಸೆಂ.ಮೀ. ಬಾಲ್ಸಾ, ಪ್ಲೈವುಡ್‌ನಲ್ಲಿ ಕೈ ಬಿಗಿ ಹಿಡಿದು ಕಟ್ಟಿದರೆ ತೂಕ ಮೂರರಿಂದ ಮೂರೂವರೆ ಕೆ.ಜಿ. ಕಾರಿನ ಹಿಂದಿನ ಸೀಟು ಮಡಚಿದರೆ ರೆಕ್ಕೆ ಬಿಚ್ಚಿ ಸಾಗಿಸಬಹುದು. ನಿಮ್ಮ ಹತ್ತಿರ ಇರುವುದು ಪೈಪರ್ ಕಬ್ ಆದರೂ ಟೈಗರ್ ಮಾತ್ ಆದರೂ ಲೆಕ್ಕ ಇದೇ.

ಪ್ರೊಪೆಲರ್‌ನಿಂದ ಶುರು ಮಾಡಿ

ಪ್ರೊಪೆಲರ್ ಮೇಲೆ ಎರಡು ಅಂಕಿ ಇರುತ್ತವೆ. 14×6 ಅಂದರೆ ಉದ್ದ 14 ಇಂಚು, ಒಂದು ಸುತ್ತಿಗೆ ಲೆಕ್ಕದಲ್ಲಿ 6 ಇಂಚು ಮುಂದೆ ಸಾಗಬೇಕು. ಈ ಎರಡನೇ ಅಂಕಿ ಮತ್ತು ಆರ್‌ಪಿಎಂ ಗುಣಿಸಿದರೆ ಪ್ರೊಪೆಲರ್ ವಿಮಾನವನ್ನು ಎಷ್ಟು ವೇಗದವರೆಗೆ ಎಳೆಯಬಲ್ಲದು ಅನ್ನುವ ಅಂದಾಜು ಸಿಗುತ್ತದೆ.

0.46 ಘನ ಇಂಚಿನ ಟೂ-ಸ್ಟ್ರೋಕ್ ಎಂಜಿನ್‌ಗೆ 11×6 ಹಾಕಿ ಓಡಿಸಿದರೆ 12,500 ಆರ್‌ಪಿಎಂ ಆಸುಪಾಸು ಬರುತ್ತದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 114 ಕಿ.ಮೀ. ಇನ್ನೊಂದು ಕಡೆ 0.82 ಫೋರ್-ಸ್ಟ್ರೋಕ್‌ಗೆ 14×6 ಹಾಕಿ 9,000 ಆರ್‌ಪಿಎಂ ತಿರುಗಿಸಿ. ಬರುವುದು ಸುಮಾರು 82 ಕಿ.ಮೀ. ಈ ಎರಡು ಪ್ರೊಪೆಲರ್‌ಗಳೂ ಈ ವೇಗದಲ್ಲಿ ತಿರುಗಲು ಬೇಡುವ ಶಕ್ತಿ ಹೆಚ್ಚುಕಡಿಮೆ ಒಂದೇ, ಒಂದು ಅಶ್ವಶಕ್ತಿಗಿಂತ ಸ್ವಲ್ಪ ಜಾಸ್ತಿ. ಆದರೆ ಒಂದು ಆ ಶಕ್ತಿಯನ್ನು ವೇಗಕ್ಕೆ ಖರ್ಚು ಮಾಡುತ್ತದೆ, ಇನ್ನೊಂದು ಎಳೆತಕ್ಕೆ. ನಮ್ಮ ಪುಷ್ಪಕ್ ಹಾರಬೇಕಾದದ್ದು ಐವತ್ತು, ಅರವತ್ತು ಕಿ.ಮೀ. ವೇಗದಲ್ಲಿ. ಅದಕ್ಕೆ 114 ಯಾಕೆ ಬೇಕು?

ಇನ್ನೊಂದು ವಿಷಯ. ಪುಷ್ಪಕ್‌ನ ಮೂಗು ಅಗಲ. 11 ಇಂಚಿನ ಪ್ರೊಪೆಲರ್ ಹಾಕಿದರೆ ಅದರ ಗಾಳಿಯಲ್ಲಿ ಒಳ್ಳೇ ಪಾಲು ಹೋಗಿ ಕೌಲಿಂಗ್‌ಗೆ (ಎಂಜಿನ್ ಮುಚ್ಚುವ ಮೂಗಿನ ಹೊದಿಕೆಗೆ) ಬಡಿಯುತ್ತದೆ. 14 ಇಂಚಿನದ್ದಾದರೆ ಮೂಗಿನಾಚೆ ಸಾಕಷ್ಟು ಬ್ಲೇಡ್ ಉಳಿಯುತ್ತದೆ, ಎಳೆತ ವ್ಯರ್ಥವಾಗುವುದಿಲ್ಲ. ಫೋರ್-ಸ್ಟ್ರೋಕ್‌ನ ನಿಜವಾದ ಲಾಭ ಇದು. ಸದ್ದು ಬೋನಸ್.

ಹಾಗಾಗಿ ನಿಮ್ಮ ವಿಮಾನ ಚುರುಕಿನ, ತೆಳು ರೆಕ್ಕೆಯ, ಸರ್ ಅಂತ ಹಾದುಹೋಗುವ ಜಾತಿಯದ್ದಾದರೆ ಇಲ್ಲೇ ನಿಲ್ಲಿ. ಟೂ-ಸ್ಟ್ರೋಕ್ ತಗೊಳ್ಳಿ. ಕಡಿಮೆ ದುಡ್ಡು, ಕಡಿಮೆ ತಲೆನೋವು. ಇದೇ ನಿಮ್ಮ ಮೊದಲ ವಿಮಾನ ಆದರೂ ಅಷ್ಟೇ. ಮೊದಲ ಸಲ ಹಾರಿಸುವವರಿಗೆ ಬ್ಯಾಟರಿ ಮೋಟಾರೇ ಸಾಕು, ಕಲಿಯಬೇಕಾದದ್ದು ಹಾರಿಸುವುದನ್ನು. ಟ್ಯಾಪೆಟ್ ಸೆಟ್ಟಿಂಗ್, ಅಂದರೆ ಎಂಜಿನ್ ವಾಲ್ವ್‌ನ ಸಂದು ಹೊಂದಿಸುವುದು, ಆಮೇಲೆ ಕಲಿಯಬಹುದು.

ಎಷ್ಟು ದೊಡ್ಡದು?

ಎಂಜಿನ್ ಹೆಸರಿನಲ್ಲಿರುವ 52, 72, 91 ಎಂಬ ಅಂಕಿಗಳು ಘನ ಇಂಚಿನ ನೂರನೇ ಭಾಗಗಳು. 0.62 ಅಂದರೆ ಸುಮಾರು 10 ಸಿಸಿ, 0.91 ಅಂದರೆ 15 ಸಿಸಿ, 1.20 ಅಂದರೆ 20 ಸಿಸಿ. ಫೋರ್-ಸ್ಟ್ರೋಕ್ ಎರಡು ಸುತ್ತಿಗೆ ಒಮ್ಮೆ ಮಾತ್ರ ಉರಿಯುವುದರಿಂದ ಅದೇ ಸೈಜಿನ ಟೂ-ಸ್ಟ್ರೋಕ್‌ನಷ್ಟು ಶಕ್ತಿ ಕೊಡುವುದಿಲ್ಲ. ಟೂ-ಸ್ಟ್ರೋಕ್ 0.40ರಿಂದ 0.46 ಬೇಡುವ ವಿಮಾನಕ್ಕೆ ಫೋರ್-ಸ್ಟ್ರೋಕ್‌ನಲ್ಲಿ 0.52ರಿಂದ 0.72 ನೋಡಬೇಕು. 0.60 ಬೇಡುವುದಕ್ಕೆ 0.91 ಹತ್ತಿರದ್ದು. 0.90 ಬೇಡುವುದಕ್ಕೆ 1.20.

ಈ 1.20 ಸೈಜಿನ ಹಿಂದೆ ಒಂದು ಕಥೆ ಇದೆ. ಎಫ್3ಎ ಅಂತ ವಿಶ್ವಮಟ್ಟದ ಏರೋಬ್ಯಾಟಿಕ್ಸ್ ಸ್ಪರ್ಧೆ ಇದೆಯಲ್ಲ, ಅದರ ನಿಯಮದಲ್ಲಿ ಒಂದು ಕಾಲದಲ್ಲಿ ಟೂ-ಸ್ಟ್ರೋಕ್‌ಗೆ 10 ಸಿಸಿ ಮಿತಿ, ಫೋರ್-ಸ್ಟ್ರೋಕ್‌ಗೆ 20 ಸಿಸಿ ಮಿತಿ ಇತ್ತು. ಎರಡು ಪಟ್ಟು ಬಿಟ್ಟುಕೊಟ್ಟರೆ ಸುಮ್ಮನಿರುತ್ತಾರಾ? 20 ಸಿಸಿ ಫೋರ್-ಸ್ಟ್ರೋಕ್ ಮಾಡಲು ಜಪಾನಿನ ಕಂಪನಿಗಳು ಪೈಪೋಟಿಗೆ ಬಿದ್ದವು. ಆಮೇಲೆ ಆ ಮಿತಿ ಹೋಯಿತು, ಸ್ಪರ್ಧೆಯವರು ಬಹುಪಾಲು ಬ್ಯಾಟರಿಗೆ ಹೋದರು. ಆದರೆ ಆ ಪೈಪೋಟಿಯಲ್ಲಿ ಪಳಗಿದ 1.20 ಸೈಜು ನಮ್ಮಂಥವರಿಗೆ ಉಳಿಯಿತು.

ಬೆಂಗಳೂರಿನವರು ಇಲ್ಲಿ ಇನ್ನೊಂದು ಲೆಕ್ಕ ಸೇರಿಸಬೇಕು. ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ಕರಾವಳಿಗಿಂತ ಶೇ. 8ರಿಂದ 9ರಷ್ಟು ತೆಳು. ಎಂಜಿನ್ ಸೇದುವ ಗಾಳಿ ಕಡಿಮೆ, ಪ್ರೊಪೆಲರ್ ಹಿಂದಕ್ಕೆ ತಳ್ಳುವ ಗಾಳಿಯೂ ಕಡಿಮೆ, ರೆಕ್ಕೆ ಎತ್ತಿಹಿಡಿಯುವುದಕ್ಕೂ ಕಡಿಮೆ. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಹಾರಿಸಿದರೆ ಇನ್ನಷ್ಟು ತೆಳು. ಬಾಕ್ಸಿನ ಮೇಲಿರುವ ಶಕ್ತಿ ಸಮುದ್ರಮಟ್ಟದ್ದು ಅಂತಲೇ ತಿಳಿದುಕೊಳ್ಳಿ. ಎರಡು ಸೈಜಿನ ನಡುವೆ ಅನುಮಾನ ಬಂದರೆ ಮಂಗಳೂರಿನವರು ಚಿಕ್ಕದು ಆರಿಸಿದರೂ ನಡೆಯುತ್ತದೆ, ಬೆಂಗಳೂರಿನವರು ದೊಡ್ಡದು ಆರಿಸಲಿ.

ಇದರ ಜೊತೆಗೇ ಬರುವ ಎಚ್ಚರಿಕೆಯ ಮಾತು: ಬೆಂಗಳೂರಿನಲ್ಲಿ ನೀಡಲ್ (ಇಂಧನದ ಹರಿವು ಹೊಂದಿಸುವ ಸ್ಕ್ರೂ) ಸೆಟ್ ಮಾಡಿದ ಎಂಜಿನ್ ಅನ್ನು ಹಾಗೇ ಉಡುಪಿಗೋ ಕಾರವಾರಕ್ಕೋ ಒಯ್ದು ಹಾರಿಸಬೇಡಿ. ಅಲ್ಲಿ ಗಾಳಿ ದಟ್ಟ, ಇಂಧನ ಮಾತ್ರ ಅಷ್ಟೇ. ಮಿಶ್ರಣ ಲೀನ್ ಆಗಿ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಮ್ಮಿಯಾಗಿ, ಎಂಜಿನ್ ವಿಪರೀತ ಬಿಸಿಯಾಗುತ್ತದೆ. ನೀಡಲ್ ಸ್ವಲ್ಪ ತೆರೆದು ಮತ್ತೆ ಸೆಟ್ ಮಾಡಿ. ಕೆಳಗಿನಿಂದ ಮೇಲೆ ಬಂದರೆ ಅಷ್ಟು ಭಯವಿಲ್ಲ, ಎಂಜಿನ್ ಹೊಗೆ ಉಗುಳುತ್ತಾ ಸೋಮಾರಿಯಾಗುತ್ತದೆ ಅಷ್ಟೇ.

ಪುಷ್ಪಕ್‌ಗೆ ನನ್ನ ಉತ್ತರ 0.72ರಿಂದ 0.82. ಕೆಲವರು "0.52 ಸಾಕು, ಅಸಲಿ ವಿಮಾನವೂ ನಿಧಾನವೇ ಅಲ್ವಾ" ಅನ್ನುತ್ತಾರೆ. ಸಮುದ್ರದ ದಡದಲ್ಲಿ, ಗಟ್ಟಿ ರನ್‌ವೇ ಮೇಲೆ, ಮೂರು ಕೆ.ಜಿ. ಒಳಗೆ ಕಟ್ಟಿದ್ದರೆ ಅವರ ಮಾತು ಸರಿ. ನಾವು ಹಾರಿಸುವುದು ಹೆಚ್ಚಾಗಿ ಕೆರೆಯಂಗಳದಲ್ಲಿ, ರಾಗಿ ಕೊಯ್ದ ಹೊಲದಲ್ಲಿ, ಹುಲ್ಲು ಬೆಳೆದ ಲೇಔಟ್‌ನಲ್ಲಿ. ಚಕ್ರಕ್ಕೆ ಹುಲ್ಲು ಸುತ್ತಿಕೊಂಡಾಗ ಆ ಹೆಚ್ಚಿನ ಶಕ್ತಿ ಬೇಕೇ ಬೇಕು. ಮೇಲೆ ಹೋದ ಮೇಲೆ ಥ್ರಾಟಲ್ ಅರ್ಧಕ್ಕೆ ಇಳಿಸಿ ಆರಾಮಾಗಿ ಸುತ್ತಬಹುದು.

ತೂಕದ ಚಿಂತೆ ಬೇಡವೇ ಅಂದರೆ, ಈ ಜಾತಿಯ ವಿಮಾನದಲ್ಲಿ ಅಷ್ಟಾಗಿ ಬೇಡ. ಪುಷ್ಪಕ್, ಕಬ್, ಒಂದರ ಮೇಲೊಂದು ಎರಡು ರೆಕ್ಕೆಯ ವಿಮಾನಗಳು ಎಲ್ಲವೂ ಗಿಡ್ಡ ಮೂಗಿನವು. ಕಟ್ಟಿ ಮುಗಿಸಿದ ಮೇಲೆ ಬಾಲ ಭಾರ ಅಂತ ಮೂಗಿಗೆ ಸೀಸ ತುಂಬುವುದು ಎಲ್ಲರ ಕಥೆ. ಸೀಸ ತುಂಬುವ ಬದಲು ಆ ನೂರು ಗ್ರಾಂ ಎಂಜಿನ್‌ನಲ್ಲೇ ಇರಲಿ.

ಇಂಧನ: ಇಲ್ಲೇ ಹೆಚ್ಚಿನವರ ಆಯ್ಕೆ ತೀರ್ಮಾನವಾಗುವುದು

ಗ್ಲೋ ಎಂಜಿನ್, ಅಂದರೆ ಕಿಡಿಯ ಬದಲು ಪ್ಲಗ್‌ನ ಕೆಂಪಗೆ ಕಾದ ತಂತಿಯಿಂದ ಉರಿಯುವ ಎಂಜಿನ್, ಕುಡಿಯುವುದು ಮೆಥನಾಲ್, ಎಣ್ಣೆ, ಜೊತೆಗೆ ನೈಟ್ರೋಮೀಥೇನ್. ವಿದೇಶದ ಪುಸ್ತಕಗಳಲ್ಲಿ 10, 15, 20 ಪರ್ಸೆಂಟ್ ನೈಟ್ರೋ ಅಂತ ಸಲೀಸಾಗಿ ಬರೆದಿರುತ್ತಾರೆ. ನಮ್ಮಲ್ಲಿ ನೈಟ್ರೋ ಸಿಗುವುದೇ ಕಷ್ಟ, ಸಿಕ್ಕರೂ ದುಬಾರಿ. ಮೆಥನಾಲ್ ಸಿಗುತ್ತದೆ, ಆದರೆ ಅದೂ ಕಂಡವರಿಗೆಲ್ಲ ಸುಮ್ನೆ ಅಳೆದುಕೊಡುವ ವಸ್ತುವಲ್ಲ, ವಿಷ. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿ ದುರಂತದಲ್ಲಿ ಇದ್ದದ್ದು ಇದೇ. ನೋಡಲು ನೀರಿನ ಹಾಗೆ ಇರುತ್ತದೆ. ನೀರಿನ ಬಾಟಲಿಯಲ್ಲಿ ಮಾತ್ರ ಯಾವತ್ತೂ ತುಂಬಿಡಬೇಡಿ. ಕೆಂಪು ಅಕ್ಷರದಲ್ಲಿ ಹೆಸರು ಬರೆದ ಕ್ಯಾನ್, ಮಕ್ಕಳ ಕೈಗೆ ಸಿಗದ ಜಾಗ. ಇನ್ನೊಂದು, ಮೆಥನಾಲ್ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.

ಎಣ್ಣೆಗೆ ಮಾತ್ರ ನಮಗೆ ಬರ ಇಲ್ಲ. ಹರಳೆಣ್ಣೆ ನಮ್ಮ ಮನೆಯದ್ದೇ. ಮೆಥನಾಲ್‌ನಲ್ಲಿ ಚೆನ್ನಾಗಿ ಬೆರೆಯುತ್ತದೆ, ಎಂಜಿನ್ ಎಷ್ಟು ಕಾದರೂ ಪದರ ಬಿಡುವುದಿಲ್ಲ. ನಾಲ್ಕು ಪಾಲು ಮೆಥನಾಲ್, ಒಂದು ಪಾಲು ಶುದ್ಧ ಹರಳೆಣ್ಣೆ ಬೆರೆಸಿ ಟೂ-ಸ್ಟ್ರೋಕ್ ಓಡಿಸುವುದು ಹಳೇ ಪದ್ಧತಿ. ಫೋರ್-ಸ್ಟ್ರೋಕ್ ಇದರಲ್ಲಿ ಓಡುತ್ತದೆಯೇ? ಓಡುತ್ತದೆ. ಎರಡು ತೊಂದರೆಗಳೊಂದಿಗೆ. ಹರಳೆಣ್ಣೆ ಬರೀ ಒಂದೇ ಇದ್ದರೆ ವಾಲ್ವ್ ಕಾಂಡಕ್ಕೂ ಪಿಸ್ಟನ್ ರಿಂಗಿಗೂ ಕಂದು ಬಣ್ಣದ ಅಂಟು ಕಟ್ಟುತ್ತದೆ. ಕಾಲಕ್ರಮೇಣ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಹೋಗುತ್ತದೆ. ಅದಕ್ಕೆ ಸಿಂಥೆಟಿಕ್ ಎಣ್ಣೆ ಜಾಸ್ತಿ, ಹರಳೆಣ್ಣೆ ಸ್ವಲ್ಪ ಇರುವ ಮಿಶ್ರಣವೇ ಒಳ್ಳೇದು. ಎರಡನೆಯದು, ನೈಟ್ರೋ ಇಲ್ಲದಿದ್ದರೆ ಐಡ್ಲಿಂಗ್ ಸ್ವಲ್ಪ ತಡವರಿಸುತ್ತದೆ. ಎರಡು ಸುತ್ತಿಗೊಮ್ಮೆ ಉರಿಯುವ ಎಂಜಿನ್‌ನಲ್ಲಿ ಪ್ಲಗ್ ಅಷ್ಟು ಹೊತ್ತು ಕಾವು ಹಿಡಿದಿಟ್ಟುಕೊಳ್ಳಬೇಕು. ಇದಕ್ಕೆಂದೇ ಫೋರ್-ಸ್ಟ್ರೋಕ್ ಪ್ಲಗ್ ಬೇರೆ ಬರುತ್ತದೆ, ಒ.ಎಸ್. ಕಂಪನಿಯ "ಎಫ್" ಪ್ಲಗ್ ಎಲ್ಲರಿಗೂ ಗೊತ್ತಿರುವುದು. ಟೂ-ಸ್ಟ್ರೋಕ್ ಪ್ಲಗ್ ಹಾಕಿ "ಎಂಜಿನ್ ಸರಿ ಇಲ್ಲ" ಅಂತ ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಸಾಧ್ಯವಾದರೆ 5ರಿಂದ 10 ಪರ್ಸೆಂಟ್ ನೈಟ್ರೋ ಇರಲಿ. ಅದಕ್ಕಿಂತ ಜಾಸ್ತಿ ಪುಷ್ಪಕ್‌ಗೆ ಬೇಕಿಲ್ಲ.

ಮೆಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಅರ್ಧ ಖಾಲಿಯಾದ ಕ್ಯಾನ್ ಮುಚ್ಚಳ ಸಡಿಲ ಬಿಟ್ಟರೆ ಮುಂದಿನ ತಿಂಗಳು ಆ ಇಂಧನ ಎಂಜಿನ್‌ಗೂ ಬೇಡ, ನಿಮಗೂ ಬೇಡ.

ಇಷ್ಟೆಲ್ಲ ರಗಳೆ ಯಾಕೆ, ಬಂಕಿನಲ್ಲಿ ಪೆಟ್ರೋಲ್ ಸಿಗುತ್ತಲ್ಲ ಅನ್ನುತ್ತೀರಾ? ಪೆಟ್ರೋಲ್ ಫೋರ್-ಸ್ಟ್ರೋಕ್‌ಗಳೂ ಇವೆ. ಸೈಟೋದ ಎಫ್‌ಜಿ ಸರಣಿ 11 ಸಿಸಿಯಿಂದಲೇ ಶುರುವಾಗುತ್ತದೆ. ಚೀನಾದ ಎನ್‌ಜಿಎಚ್ 30, 38 ಸಿಸಿಯಲ್ಲಿ ಮಾಡುತ್ತದೆ. ಇಂಧನ ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ವಿಮಾನದ ಮೈಗೆ ಮೆತ್ತುವ ಎಣ್ಣೆಯೂ ಕಡಿಮೆ. ಆದರೆ ಸ್ಪಾರ್ಕ್ ಪ್ಲಗ್ ಬೇಕು, ಇಗ್ನಿಷನ್ ಬಾಕ್ಸ್ ಬೇಕು, ಅದಕ್ಕೊಂದು ಬ್ಯಾಟರಿ, ಸ್ವಿಚ್ಚು, ವೈರು. ಮೂರು ಕೆ.ಜಿ. ವಿಮಾನದಲ್ಲಿ ಈ ಸಾಮಾನಿನ ಭಾರ ಗೊತ್ತಾಗುತ್ತದೆ. ಇಗ್ನಿಷನ್ ಮತ್ತು ರಿಸೀವರ್ (ರಿಮೋಟ್‌ನ ಸಿಗ್ನಲ್ ಹಿಡಿಯುವ ಪೆಟ್ಟಿಗೆ) ಪಕ್ಕಪಕ್ಕ ಇಡಬಾರದು, ಆರನೇ ಒಂದು ಪುಷ್ಪಕ್‌ನ ಮೂಗಿನಲ್ಲಿ ಅಷ್ಟು ಜಾಗವೂ ಕಷ್ಟ. ಪೆಟ್ರೋಲಿಗೂ ಎಣ್ಣೆ ಬೆರೆಸಲೇಬೇಕು, ಸೈಟೋ ಹೇಳುವುದು 20ಕ್ಕೆ 1. ಫೋರ್-ಸ್ಟ್ರೋಕ್ ಅಂದಮಾತ್ರಕ್ಕೆ ಬೈಕಿನ ಹಾಗೆ ಒಳಗೆ ಬೇರೆ ಎಂಜಿನ್ ಆಯಿಲ್ ಇರುತ್ತದೆ ಅಂದುಕೊಳ್ಳಬೇಡಿ.

ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ ಅನ್ನುವುದೂ ನೆನಪಿರಲಿ. ಅದೂ ತೇವ ಎಳೆಯುತ್ತದೆ, ಕಾರ್ಬ್ಯುರೇಟರ್ ಒಳಗಿನ ರಬ್ಬರ್ ಹಾಳೆಯನ್ನು ಬೇಗ ಗಟ್ಟಿ ಮಾಡುತ್ತದೆ. ಹಾರಿಸಿ ಮುಗಿದ ಸಂಜೆಯೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಒಣಗುವ ತನಕ ಓಡಿಸಿ ನಿಲ್ಲಿಸಿ. ಗ್ಲೋ ಎಂಜಿನ್‌ನ ಸಿಲಿಕೋನ್ ಟ್ಯೂಬ್ ಪೆಟ್ರೋಲಿಗೆ ಹಾಕಿದರೆ ಅದು ಊದಿಕೊಂಡು ಕಳಚುತ್ತದೆ, ಪೆಟ್ರೋಲಿಗೆ ಆಗುವ ಟ್ಯೂಬ್ ಬೇರೆ.

ನಾನು ಹೇಳುವುದಿಷ್ಟು. ನಾಲ್ಕನೇ ಒಂದು ಅಳತೆಯಲ್ಲಿ, ಎಂಟು ಒಂಬತ್ತು ಅಡಿ ರೆಕ್ಕೆಯ ವಿಮಾನ ಕಟ್ಟುತ್ತಿದ್ದರೆ ಕಣ್ಣು ಮುಚ್ಚಿ ಪೆಟ್ರೋಲ್. ಆರನೇ ಒಂದರಲ್ಲಿ ಗ್ಲೋ. ಮೆಥನಾಲ್ ಏನು ಮಾಡಿದರೂ ಸಿಗದ ಊರಿನಲ್ಲಿದ್ದರೆ ವಿಮಾನವನ್ನೇ ದೊಡ್ಡದಾಗಿ ಕಟ್ಟಿ, ಎಂಜಿನ್‌ಗೆ ತಕ್ಕ ಹಾಗೆ.

ಈಗ ಕಂಪನಿಗಳು

ಮಾರುಕಟ್ಟೆಗೆ ಬಂದ ಮೊದಲ ಮಾಡೆಲ್ ಫೋರ್-ಸ್ಟ್ರೋಕ್‌ಗಳಲ್ಲಿ ಹೆಸರು ಮಾಡಿದ್ದು ಒ.ಎಸ್. ಕಂಪನಿಯ ಎಫ್‌ಎಸ್-60, 1976ರಲ್ಲಿ. ಆಮೇಲೆ ಬಂದ ಸರ್ಪಾಸ್ ಸರಣಿಯ 52, 70, 91, 120 ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಓಡಾಡುತ್ತಿವೆ. ಒ.ಎಸ್. ಎಂಜಿನ್‌ನ ದೊಡ್ಡ ಗುಣ ಅದರ ಶಾಂತ ಸ್ವಭಾವ. ಸ್ಟಾರ್ಟ್ ಮಾಡುವುದು ಸುಲಭ, ನೀಡಲ್ ಒಮ್ಮೆ ಸೆಟ್ ಮಾಡಿದರೆ ಪದೇ ಪದೇ ಮುಟ್ಟಬೇಕಿಲ್ಲ, ಜೊತೆಗೆ ಬರುವ ಪುಸ್ತಕ ಓದಿದರೆ ಅರ್ಥವಾಗುತ್ತದೆ. ಸಿಲಿಂಡರ್ ಹೆಡ್ ಬೇರೆಯಾಗಿ ಬಿಚ್ಚಿ ಬರುತ್ತದೆ, ಹಾಗಾಗಿ ವಾಲ್ವ್ ಕೆಲಸ ಮಾಡುವುದು ಸಲೀಸು. ಕೊರತೆ ಅಂದರೆ ತೂಕ. ಸರ್ಪಾಸ್ 91 ಹೆಚ್ಚುಕಡಿಮೆ 640 ಗ್ರಾಂ.

ಸೈಟೋದವರು 1979ರಲ್ಲಿ ಎಫ್‌ಎ-30 ತಂದರು. ಈ ಕಂಪನಿ ಮಾಡೆಲ್ ದೋಣಿಗೆ ಉಗಿ ಎಂಜಿನ್ ಕೂಡ ಮಾಡುತ್ತಿತ್ತು, ಮೂರು ಸಿಲಿಂಡರಿನ ರೇಡಿಯಲ್ ಎಂಜಿನ್ ಕೂಡ ಮಾಡುತ್ತದೆ. ನೋಡಿದರೆ ಎತ್ತಿ ಷೋಕೇಸಿನಲ್ಲಿಡೋಣ ಅನ್ನಿಸುವ ಸಾಮಾನು. ಸೈಟೋದ ಹೆಗ್ಗಳಿಕೆ ಹಗುರತನ. ಎಫ್‌ಎ-82 ಸುಮಾರು 470 ಗ್ರಾಂ. ಸೈಲೆನ್ಸರ್ ಹಾಕಿದ ಒ.ಎಸ್. 46 ಟೂ-ಸ್ಟ್ರೋಕ್ ಕೂಡ ಅಷ್ಟೇ ತೂಗುತ್ತದೆ! ಎಫ್‌ಎ-100 ತಗೊಂಡರೆ ಸರ್ಪಾಸ್ 91ಕ್ಕಿಂತ ಸೈಜಿನಲ್ಲಿ ದೊಡ್ಡದು, ತೂಕದಲ್ಲಿ ಸುಮಾರು ನೂರು ಗ್ರಾಂ ಕಡಿಮೆ. ಇದು ಸಾಧ್ಯವಾಗುವುದು ಸಿಲಿಂಡರ್ ಮತ್ತು ಹೆಡ್ ಒಂದೇ ಅಚ್ಚಿನಲ್ಲಿ ಬರುವುದರಿಂದ. ಹೆಡ್ ಗ್ಯಾಸ್ಕೆಟ್ ಇಲ್ಲ, ಅಲ್ಲಿ ಲೀಕ್ ಆಗುವ ಮಾತೇ ಇಲ್ಲ. ಆದರೆ ವಾಲ್ವ್ ಸೀಟ್ ಕೆಟ್ಟರೆ ಸಿಲಿಂಡರ್ ಒಳಗಿನಿಂದಲೇ ಕೆಲಸ ಮಾಡಬೇಕು, ಹೆಚ್ಚಿನವರು ಸಿಲಿಂಡರನ್ನೇ ಬದಲಾಯಿಸುತ್ತಾರೆ. ಲೋ-ಸ್ಪೀಡ್ ನೀಡಲ್ ಸೆಟ್ ಮಾಡಲು ಒ.ಎಸ್.ಗಿಂತ ಸ್ವಲ್ಪ ಜಾಸ್ತಿ ತಾಳ್ಮೆ ಬೇಕು.

ವೈಎಸ್ ಬೇರೆಯೇ ಲೋಕ. ಕ್ರ್ಯಾಂಕ್‌ಕೇಸನ್ನೇ (ಪಿಸ್ಟನ್ ಕೆಳಗೆ ಶಾಫ್ಟ್ ತಿರುಗುವ ಗೂಡನ್ನೇ) ಪಂಪ್ ಮಾಡಿಕೊಂಡು ಗಾಳಿಯನ್ನು ಒತ್ತಿ ತುಂಬುತ್ತದೆ, ಇಂಧನವನ್ನು ಒತ್ತಡದಲ್ಲಿ ಕೊಡುತ್ತದೆ. ಅದೇ ಸೈಜಿನ ಬೇರೆ ಫೋರ್-ಸ್ಟ್ರೋಕ್ ಇದರ ಹತ್ತಿರ ಬರುವುದಿಲ್ಲ. ಎಫ್3ಎ ಸ್ಪರ್ಧೆಯಲ್ಲಿ ಒಂದು ಕಾಲಕ್ಕೆ ಇದರದ್ದೇ ದರ್ಬಾರು. ಆದರೆ ಹೆಚ್ಚು ನೈಟ್ರೋ ಬೇಡುತ್ತದೆ, ರೆಗ್ಯುಲೇಟರ್, ಪಂಪ್, ಓ-ರಿಂಗ್ ಅಂತ ನೋಡಿಕೊಳ್ಳಬೇಕಾದ್ದು ಬಹಳ. ಪುಷ್ಪಕ್ ಮೂಗಿಗೆ ಇದನ್ನು ಕಟ್ಟುವುದು ದುಡ್ಡು ದಂಡ.

ಚೀನಾದ ಎಎಸ್‌ಪಿ, ಮ್ಯಾಗ್ನಮ್, ಎಸ್‌ಸಿ ಹೆಸರಿನ ಎಂಜಿನ್‌ಗಳು ಅಣ್ಣತಮ್ಮಂದಿರು, ಹೆಸರು ಬೇರೆ ಅಷ್ಟೇ. ನೋಡಲು ಹಳೇ ಸರ್ಪಾಸ್ ಹಾಗೇ ಇರುತ್ತವೆ. ದುಡ್ಡು ಕಮ್ಮಿ. ಒಂದು ಚೆನ್ನಾಗಿ ಬಂದರೆ ವರ್ಷಗಟ್ಟಲೆ ಓಡುತ್ತದೆ, ಆದರೆ ಒಂದು ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಕೊಂಡ ಮೇಲೆ ಎಲ್ಲ ಸ್ಕ್ರೂ ಬಿಗಿ ಇದೆಯಾ, ಟ್ಯಾಪೆಟ್ ಸರಿ ಇದೆಯಾ ಅಂತ ನೀವೇ ನೋಡಿಕೊಂಡು ಓಡಿಸುವುದು ಕ್ಷೇಮ. ಕೈ ಕೆಲಸ ಬಲ್ಲವರಿಗೆ ಇದು ಒಳ್ಳೇ ವ್ಯಾಪಾರ. ಇಂಗ್ಲೆಂಡಿನ ಲೇಸರ್, ಜಪಾನಿನ ಎನ್ಯಾ ಎರಡೂ ಗಟ್ಟಿ ಎಂಜಿನ್‌ಗಳೇ, ಸಿಕ್ಕರೆ ಬಿಡಬೇಡಿ. ಸಿಗುವುದು ಅಪರೂಪ.

ನನ್ನನ್ನು ಕೇಳಿದರೆ ಪುಷ್ಪಕ್‌ಗೆ ಸೈಟೋ 82. ಇದೇ ಮೊದಲ ಫೋರ್-ಸ್ಟ್ರೋಕ್, ಹತ್ತಿರ ಗೊತ್ತಿದ್ದವರು ಯಾರೂ ಇಲ್ಲ ಅಂದರೆ ಒ.ಎಸ್. 70 ಅಥವಾ 72. ಬಜೆಟ್ ಬಿಗಿ ಇದ್ದರೆ ಎಎಸ್‌ಪಿ 70. ಆದರೆ ಯಾವುದೇ ಆಗಲಿ, ದುಡ್ಡು ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಬೇರಿಂಗ್, ಪಿಸ್ಟನ್ ರಿಂಗ್, ಕಾರ್ಬ್ಯುರೇಟರ್ ಓ-ರಿಂಗ್ ಎಲ್ಲಿ ಸಿಗುತ್ತವೆ? ಉತ್ತರ ತಡವರಿಸಿದರೆ ನೀವೂ ತಡೆಯಿರಿ. ಬೇರಿಂಗ್‌ಗೆ ಮಾತ್ರ ಅಷ್ಟು ಚಿಂತೆ ಬೇಡ, ಅಳತೆ ನೋಡಿ ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬಿಡುತ್ತದೆ.

ಕೂರಿಸುವಾಗ ಮತ್ತು ಓಡಿಸುವಾಗ

ಫೋರ್-ಸ್ಟ್ರೋಕ್ ಎತ್ತರ ಜಾಸ್ತಿ. ಕಾರ್ಬ್ಯುರೇಟರ್ ಸಾಮಾನ್ಯವಾಗಿ ಹಿಂದೆ ಇರುತ್ತದೆ, ಫೈರ್‌ವಾಲ್‌ಗೆ (ಎಂಜಿನ್ ಹಿಂದಿನ ಹಲಗೆಗೆ) ತಾಗದಂತೆ ಜಾಗ ಬಿಡಬೇಕು. ಎಂಜಿನ್ ತಲೆಕೆಳಗಾಗಿ ಕೂರಿಸಿದರೆ ಚೆಂದ ಕಾಣುತ್ತದೆ, ಆದರೆ ಇಂಧನ ಇಳಿದು ಹೆಡ್‌ನಲ್ಲಿ ತುಂಬಿಕೊಳ್ಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ. ಹಾಗೆ ತುಂಬಿರುವಾಗ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪುಷ್ಪಕ್‌ನಲ್ಲಿ ಮಗ್ಗುಲಿಗೆ ಮಲಗಿಸಿ ಕೂರಿಸುವುದೇ ನನಗೆ ಇಷ್ಟ. ಅಸಲಿ ಕಾಂಟಿನೆಂಟಲ್‌ನ ಸಿಲಿಂಡರ್‌ಗಳೂ ಮಗ್ಗುಲಿಗೇ ಇದ್ದವು, ಸೈಲೆನ್ಸರ್ ಪೈಪನ್ನು ಕೆಳಕ್ಕೆ ತಿರುಗಿಸಿ ಎಣ್ಣೆ ಹೊಟ್ಟೆಗೆ ಮೆತ್ತದಂತೆ ಮಾಡಬಹುದು. ಕೌಲಿಂಗ್ ಮುಚ್ಚಿದರೆ ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ಎರಡು ಪಟ್ಟು ದೊಡ್ಡದಿರಲಿ. ಟ್ಯಾಂಕಿನ ನಡುಮಟ್ಟ ನೀಡಲ್‌ನ ಮಟ್ಟಕ್ಕೆ ಇರಬೇಕು, ಇಲ್ಲವೆ ಒಂದು ಸೆಂ.ಮೀ. ಕೆಳಗೆ. 350 ಮಿ.ಲೀ. ಟ್ಯಾಂಕ್ ಕಾಲು ಗಂಟೆ ಹಾರಾಟಕ್ಕೆ ಆರಾಮಾಗಿ ಸಾಕು, ಫೋರ್-ಸ್ಟ್ರೋಕ್ ಕುಡಿಯುವುದೂ ಕಮ್ಮಿ.

ಟ್ಯಾಪೆಟ್ ಅಂದರೆ ಹೆದರುವವರು ಜಾಸ್ತಿ. ಹತ್ತು ನಿಮಿಷದ ಕೆಲಸ ಅದು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮೇಲಿನ ಮುಚ್ಚಳ ಬಿಚ್ಚಿ. ಪ್ರೊಪೆಲರನ್ನು ಕೈಯಲ್ಲಿ ನಿಧಾನ ತಿರುಗಿಸಿ, ಕಂಪ್ರೆಷನ್ ಬಿಗಿ ಸಿಕ್ಕು ಪಿಸ್ಟನ್ ತುದಿಗೆ ಬಂದ ಕಡೆ ನಿಲ್ಲಿಸಿ. ಈಗ ಎರಡೂ ವಾಲ್ವ್ ಮುಚ್ಚಿರುತ್ತವೆ, ವಾಲ್ವನ್ನು ಒತ್ತಿ ತೆರೆಯುವ ರಾಕರ್ ಎಂಬ ಸಣ್ಣ ತೋಳು ಬೆರಳಿಗೆ ಸ್ವಲ್ಪ ಅಲುಗಾಡುತ್ತದೆ. ಸಂದು ಅಳೆಯುವ ಫೀಲರ್ ಗೇಜ್‌ನ 0.04 ಮಿ.ಮೀ. ಎಲೆ ರಾಕರ್ ಮತ್ತು ವಾಲ್ವ್ ನಡುವೆ ತೂರಬೇಕು, 0.10 ತೂರಬಾರದು. ತೂರಿದರೆ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಕೂದಲಷ್ಟು ತಿರುಗಿಸಿ, ಮತ್ತೆ ಬಿಗಿ ಮಾಡಿ ಇನ್ನೊಮ್ಮೆ ನೋಡಿ. ನಟ್ ಬಿಗಿಯುವಾಗ ಸ್ಕ್ರೂ ಜೊತೆಯಲ್ಲೇ ತಿರುಗಿಬಿಡುತ್ತದೆ, ಆಟ ಇರುವುದೇ ಅಲ್ಲಿ. ತಣ್ಣಗಿರುವಾಗಲೇ ಯಾಕೆ ಅಂದರೆ, ಅಲ್ಯೂಮಿನಿಯಂ ಸಿಲಿಂಡರ್ ಕಾದರೆ ಒಳಗಿನ ಉಕ್ಕಿನ ಪುಷ್‌ರಾಡ್‌ಗಿಂತ ಜಾಸ್ತಿ ಬೆಳೆಯುತ್ತದೆ, ಸಂದು ದೊಡ್ಡದಾಗುತ್ತದೆ. ಬಿಸಿಯಲ್ಲಿ ಸೆಟ್ ಮಾಡಿದರೆ ತಣಿದ ಮೇಲೆ ವಾಲ್ವ್ ಮುಚ್ಚುವುದೇ ಇಲ್ಲ.

ಲೀನ್ ಮಾಡಿ ಓಡಿಸುವ ಚಟ ಇದ್ದವರು ಫೋರ್-ಸ್ಟ್ರೋಕ್ ಸಹವಾಸಕ್ಕೆ ಬರಬಾರದು. ಟೂ-ಸ್ಟ್ರೋಕ್ ಲೀನ್ ಆದರೆ ಕಾದು ನಿಲ್ಲುತ್ತದೆ. ಫೋರ್-ಸ್ಟ್ರೋಕ್ "ಟಕ್" ಅಂತ ಹಿಂದಕ್ಕೆ ಒದೆಯುತ್ತದೆ, ನಟ್ ಸಡಿಲಾಗಿ ಪ್ರೊಪೆಲರ್ ಹಾರಿಹೋಗುತ್ತದೆ. ಎರಡು ನಟ್ ಕೊಟ್ಟಿರುವುದು ಅಲಂಕಾರಕ್ಕಲ್ಲ, ಎರಡನ್ನೂ ಬಿಗಿಯಿರಿ. ಪೂರ್ತಿ ಥ್ರಾಟಲ್‌ನಲ್ಲಿ ಗರಿಷ್ಠ ಆರ್‌ಪಿಎಂ ಕಂಡುಕೊಂಡು, ಅಲ್ಲಿಂದ ಎರಡು ಮೂರು ನೂರು ಇಳಿಯುವ ತನಕ ನೀಡಲ್ ತೆರೆಯಿರಿ. ಪ್ರೊಪೆಲರಿನ ನೇರಕ್ಕೆ ಯಾರೂ ನಿಲ್ಲಬಾರದು, ನೀಡಲ್ ತಿರುಗಿಸುವುದು ಹಿಂದಿನಿಂದ. ಕೈಬೆರಳಲ್ಲಿ ಸ್ಟಾರ್ಟ್ ಮಾಡಬೇಡಿ.

ಸೆಕೆಂಡ್ ಹ್ಯಾಂಡ್ ನೋಡುವಾಗ

ನಮ್ಮಲ್ಲಿ ಹೆಚ್ಚಿನ ಫೋರ್-ಸ್ಟ್ರೋಕ್‌ಗಳು ಕೈಯಿಂದ ಕೈಗೆ ದಾಟಿ ಬಂದವು. ಮೊದಲು ಪ್ಲಗ್ ತೆಗೆದು ಶಾಫ್ಟ್ ತಿರುಗಿಸಿ. ಗರಗರ ಅಂದರೆ ಬೇರಿಂಗ್ ತುಕ್ಕು ಹಿಡಿದಿದೆ. ಫೋರ್-ಸ್ಟ್ರೋಕ್‌ಗೆ ಈ ಕಾಯಿಲೆ ಜಾಸ್ತಿ. ಟೂ-ಸ್ಟ್ರೋಕ್‌ನಲ್ಲಿ ಹೊಸ ಇಂಧನ ಕ್ರ್ಯಾಂಕ್‌ಕೇಸ್ ಮೂಲಕವೇ ಹಾದು ಬೇರಿಂಗನ್ನು ತೊಳೆಯುತ್ತಾ ಇರುತ್ತದೆ. ಇಲ್ಲಿ ಪಿಸ್ಟನ್ ಪಕ್ಕದಿಂದ ಸೋರಿದ ಸುಟ್ಟ ಹೊಗೆ, ತೇವ ಕೆಳಗಿಳಿದು ಅಲ್ಲೇ ಕೂರುತ್ತದೆ. ಬೇರಿಂಗ್ ಬದಲಾಯಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಆಮೇಲೆ ಪ್ಲಗ್ ಹಾಕಿ ತಿರುಗಿಸಿ. ಎರಡು ಸುತ್ತಿಗೊಮ್ಮೆ ಗಟ್ಟಿ ತಡೆ ಸಿಗಬೇಕು. ತಡೆ ಸಿಕ್ಕ ಜಾಗದಲ್ಲೇ ಹಿಡಿದು ಕಿವಿಗೊಡಿ. ಸೈಲೆನ್ಸರ್ ತೂತಿನಿಂದ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವ್ ಲೀಕ್, ಕಾರ್ಬ್ಯುರೇಟರ್‌ನಿಂದ ಅಂದರೆ ಇನ್‌ಟೇಕ್. ಕೆಳಗಿನ ಸಣ್ಣ ಬ್ರೀದರ್ ನಳಿಗೆಯಿಂದ ಗಾಳಿ ಬಂದರೆ ರಿಂಗ್ ಸವೆದಿದೆ. ಸ್ವಲ್ಪ ಲೀಕ್ ಅಂಟಿನಿಂದಲೂ ಇರಬಹುದು. ಎಣ್ಣೆ ಬಿಟ್ಟು ಬಿಸಿ ಮಾಡಿ ತಿರುಗಿಸಿದರೆ ಸರಿಹೋದದ್ದೂ ಇದೆ. ಮುಚ್ಚಳ ಬಿಚ್ಚಲು ಮಾರುವವರು ಒಪ್ಪದಿದ್ದರೆ ವ್ಯಾಪಾರ ಬೇಡ. ಒಪ್ಪಿದರೆ ರಾಕರ್ ಮೇಲೆ ತುಕ್ಕಿನ ಚುಕ್ಕೆ ಇದೆಯಾ ನೋಡಿ. ಸೈಲೆನ್ಸರ್ ಪೈಪ್ ಕೂರುವ ಥ್ರೆಡ್ಡನ್ನೂ ಒಮ್ಮೆ ತಿರುಗಿಸಿ ಪರೀಕ್ಷಿಸಿ, ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಕೆಟ್ಟರೆ ಹಾರುತ್ತಿರುವಾಗ ಪೈಪ್ ಕಳಚಿ ಬೀಳುತ್ತದೆ.

ಕೊಂಡು ತಂದ ಮೇಲೆ ಎಂಜಿನ್ ಜೊತೆಗೆ ಇಷ್ಟು ತರಿಸಿಕೊಳ್ಳಿ: ಎರಡು ಫೋರ್-ಸ್ಟ್ರೋಕ್ ಪ್ಲಗ್, ಫೀಲರ್ ಗೇಜ್, 13×6 ಮತ್ತು 14×6 ಪ್ರೊಪೆಲರ್ ಎರಡೆರಡು, ಪ್ರೊಪೆಲರ್ ಬ್ಯಾಲೆನ್ಸರ್, ಒಂದು ಸಣ್ಣ ಬಾಟಲಿ ತೆಳು ಎಣ್ಣೆ. ಆ ಎಣ್ಣೆ ದಿನದ ಕೊನೆಗೆ ಬ್ರೀದರ್ ನಳಿಗೆಯಲ್ಲಿ ಬಿಡುವುದಕ್ಕೆ. ಇಂಧನ ಪೂರ್ತಿ ಸುಡುವ ತನಕ ಎಂಜಿನ್ ಓಡಿಸಿ, ಕೆಲವು ಹನಿ ಬಿಟ್ಟು, ವಿಮಾನವನ್ನು ಮೂಗು ಕೆಳಗೆ, ಬಾಲ ಕೆಳಗೆ ಮಾಡುತ್ತಾ ಶಾಫ್ಟ್ ಹತ್ತಾರು ಸುತ್ತು ತಿರುಗಿಸಿ. ಮುಂದಿನ ಬೇರಿಂಗಿಗೂ ಹಿಂದಿನ ಬೇರಿಂಗಿಗೂ ತಲುಪಬೇಕಲ್ಲ.